ಟೆಲಿಸ್ಕೋಪಿನ ಕನ್ನಡಿ ಹೊಂದಿಸುವುದನ್ನು ಸುಲಭ ಮಾಡಿಕೊಳ್ಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡಿ ಟೆಲಿಸ್ಕೋಪ್ ಇಟ್ಟುಕೊಂಡಿರುವ ಎಷ್ಟೋ ಜನ ಕನ್ನಡಿ ಹೊಂದಿಸುವ ಗೋಜಿಗೇ ಹೋಗುವುದಿಲ್ಲ. ಆಸಕ್ತಿ ಇಲ್ಲ ಅಂತಲ್ಲ. ಸ್ಕ್ರೂ ಕೈಗೆ ಸಿಗುವುದಿಲ್ಲ, ಸ್ಪ್ರಿಂಗ್ ಸಡಿಲ, ಕತ್ತಲಲ್ಲಿ ಸ್ಕ್ರೂ ತಿರುಗಿಸುವ ಅಲೆನ್ ಕೀ ಎಲ್ಲಿಟ್ಟೆವು ಅಂತ ಗೊತ್ತಾಗುವುದಿಲ್ಲ. ಎರಡು ಸಲ ಪ್ರಯತ್ನಿಸಿ ಕೈಬಿಡುತ್ತಾರೆ. ತಪ್ಪು ಅವರದಲ್ಲ, ಟೆಲಿಸ್ಕೋಪಿನದು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಒಂದು ಮಧ್ಯಾಹ್ನ ಕೂತು ನಾಲ್ಕು ಸಣ್ಣ ಬದಲಾವಣೆ ಮಾಡಿಕೊಂಡರೆ ಇದೇ ಕೆಲಸ ಎರಡು ನಿಮಿಷದ್ದಾಗುತ್ತದೆ. ಆಮೇಲೆ ಯಾರೂ ಹೇಳದೆಯೇ ಪ್ರತಿ ರಾತ್ರಿ ಮಾಡುತ್ತೀರಿ.

ಇಲ್ಲಿ ಹೆಚ್ಚಾಗಿ ನ್ಯೂಟನ್ ಮಾದರಿಯ ಟೆಲಿಸ್ಕೋಪ್ ಬಗ್ಗೆ ಬರೆದಿದ್ದೇನೆ. ಅಂದರೆ ಕೊಳವೆಯ ತಳದಲ್ಲಿ ದೊಡ್ಡ ಕನ್ನಡಿ, ಬಾಯಿಯ ಹತ್ತಿರ ಓರೆಯಾಗಿ ನಿಂತ ಚಿಕ್ಕ ಕನ್ನಡಿ, ಪಕ್ಕದಲ್ಲಿ ಐಪೀಸ್, ಅಂದರೆ ಕಣ್ಣಿಟ್ಟು ನೋಡುವ ಲೆನ್ಸ್.

ಕನ್ನಡಿ ಸ್ವಲ್ಪ ಓರೆಯಾದರೆ ಅಷ್ಟೊಂದು ತೊಂದರೆಯೇ?

ಅದು ನಿಮ್ಮ ಟೆಲಿಸ್ಕೋಪಿನ ಎಫ್ ಸಂಖ್ಯೆಯ ಮೇಲೆ ನಿಂತಿದೆ. ಫೋಕಲ್ ಉದ್ದವನ್ನು, ಅಂದರೆ ಕನ್ನಡಿಯಿಂದ ಚಿತ್ರ ಮೂಡುವ ಜಾಗಕ್ಕಿರುವ ದೂರವನ್ನು, ಕನ್ನಡಿಯ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು.

ದೊಡ್ಡ ಕನ್ನಡಿಯ ಆಕಾರ ಪ್ಯಾರಾಬೋಲ. ಅದರ ನಡು ಅಕ್ಷದ ಮೇಲೆ ಬಿದ್ದ ನಕ್ಷತ್ರ ಮಾತ್ರ ಚುಕ್ಕಿಯಾಗಿ ಕಾಣುತ್ತದೆ. ಅಕ್ಷದಿಂದ ದೂರ ಹೋದಂತೆ ಚುಕ್ಕಿಗೆ ಬಾಲ ಬರುತ್ತದೆ, ಸಣ್ಣ ಧೂಮಕೇತುವಿನ ಹಾಗೆ. ಇದಕ್ಕೆ ಕೋಮಾ ಅನ್ನುತ್ತಾರೆ. ಕೋಮಾ ಕಣ್ಣಿಗೆ ಬೀಳದಷ್ಟು ಕಡಿಮೆ ಇರುವ ಜಾಗದ ಅಗಲಕ್ಕೆ ಒಂದು ಅಂದಾಜು ಲೆಕ್ಕವಿದೆ. ಎಫ್ ಸಂಖ್ಯೆಯನ್ನು ಎರಡು ಸಲ ಅದರಿಂದಲೇ ಗುಣಿಸಿ, ಅಂದರೆ ಘನ ಮಾಡಿ, 0.022ರಿಂದ ಗುಣಿಸಿದರೆ ಮಿಲಿಮೀಟರಿನಲ್ಲಿ ಉತ್ತರ ಬರುತ್ತದೆ. ಎಫ್/8 ಟೆಲಿಸ್ಕೋಪಿನಲ್ಲಿ ಆ ಜಾಗ 11 ಮಿ.ಮೀ. ಅಗಲ. ಎಫ್/5ರಲ್ಲಿ 2.75 ಮಿ.ಮೀ. ಎಫ್/4ರಲ್ಲಿ ಬರೀ 1.4 ಮಿ.ಮೀ.

ಕನ್ನಡಿ ಹೊಂದಿಸುವುದು ಅಂದರೆ ಈ ಪುಟ್ಟ ಜಾಗವನ್ನು ಐಪೀಸಿನ ನಡುವಿಗೆ ತಂದು ಕೂರಿಸುವುದು. ಎಫ್/8 ಇದ್ದವರಿಗೆ ಕೈ ಸ್ವಲ್ಪ ತಪ್ಪಿದರೂ ನಡೆಯುತ್ತದೆ. ಎಫ್/4ರವರಿಗೆ ನಡೆಯುವುದಿಲ್ಲ. ಗುರುಗ್ರಹದ ಪಟ್ಟೆಗಳು ಮಸುಕಾಗಿವೆ, ಜೋಡಿ ನಕ್ಷತ್ರ ಬಿಡಿಸಿಕೊಳ್ಳುತ್ತಿಲ್ಲ ಅಂತ ಹವೆಯನ್ನು ಬೈಯುವ ಮೊದಲು ಕನ್ನಡಿ ನೋಡಿ.

ಇರುವ ಸ್ಕ್ರೂಗಳಲ್ಲೇ ಮಾಡಬಹುದಲ್ಲ, ಬದಲಾಯಿಸುವುದು ಯಾಕೆ?

ಮಾಡಬಹುದು. ಎಷ್ಟು ಕಷ್ಟ ಅನ್ನುವುದಕ್ಕೆ ಒಂದು ಲೆಕ್ಕ ನೋಡಿ.

200 ಮಿ.ಮೀ. ವ್ಯಾಸದ, 1200 ಮಿ.ಮೀ. ಫೋಕಲ್ ಉದ್ದದ ಟೆಲಿಸ್ಕೋಪ್ ಅಂದುಕೊಳ್ಳಿ, ಅಂದರೆ ಎಫ್/6. ದೊಡ್ಡ ಕನ್ನಡಿಯನ್ನು ವಾಲಿಸುವ ಹಿಂದಿನ ಮೂರು ಸ್ಕ್ರೂಗಳು ನಡುವಿನಿಂದ 70 ಮಿ.ಮೀ. ದೂರದಲ್ಲಿವೆ. ಅವು 6 ಮಿ.ಮೀ. ದಪ್ಪದ ಎಂ6 ಸ್ಕ್ರೂ ಆದರೆ ಒಂದು ಸುತ್ತಿಗೆ 1 ಮಿ.ಮೀ. ಮುಂದೆ ಹೋಗುತ್ತವೆ. ಒಂದು ಸ್ಕ್ರೂವನ್ನು ಪೂರ್ತಿ ಒಂದು ಸುತ್ತು ತಿರುಗಿಸಿದರೆ ಕನ್ನಡಿ ಅರ್ಧ ಡಿಗ್ರಿಗಿಂತ ಚೂರು ಜಾಸ್ತಿ ವಾಲುತ್ತದೆ. ಫೋಕಸ್ ಜಾಗದಲ್ಲಿ ಅಕ್ಷ ಸುಮಾರು 11 ಮಿ.ಮೀ. ಸರಿಯುತ್ತದೆ. ಎಫ್/6ರಲ್ಲಿ ಚೆನ್ನಾಗಿ ಕಾಣುವ ಜಾಗದ ಒಟ್ಟು ಅಗಲವೇ 4.75 ಮಿ.ಮೀ. ಅಂದರೆ ನಡುವಿನಿಂದ ಅಂಚಿಗೆ 2.4 ಮಿ.ಮೀ. ಕಾಲು ಸುತ್ತು ಜಾಸ್ತಿಯಾದರೆ ಹೊರಗೆ ಬಿದ್ದಿರಿ.

ಈಗ ಆ ಸ್ಕ್ರೂವಿನ ತಲೆ ಬೆರಳಿನ ತುದಿಯಷ್ಟೇ ಇದ್ದು, ಬಿಗಿಯಾಗಿ, ತಡೆದು ತಡೆದು ತಿರುಗುತ್ತಿದ್ದರೆ ಏನಾಗುತ್ತದೆ? ಬೇಕಾದಲ್ಲಿ ನಿಲ್ಲಿಸಲು ಆಗುವುದಿಲ್ಲ. ಈ ಪುಟದ ಬದಲಾವಣೆಗಳೆಲ್ಲ ಇದೊಂದಕ್ಕೇ: ಬೆರಳು ಎಷ್ಟು ಹೇಳುತ್ತದೋ ಕನ್ನಡಿ ಅಷ್ಟೇ ಅಲುಗಬೇಕು, ಕೈ ಬಿಟ್ಟ ಮೇಲೆ ಅಲ್ಲೇ ನಿಲ್ಲಬೇಕು.

ಎಲ್ಲಿಂದ ಶುರು ಮಾಡಲಿ?

ದೊಡ್ಡ ಕನ್ನಡಿಯ ನಡುವೆ ಗುರುತು ಇದೆಯೇ ನೋಡಿ. ಇಲ್ಲದಿದ್ದರೆ ಅದೇ ಮೊದಲ ಕೆಲಸ. ಗುರುತಿಲ್ಲದೆ ಉಳಿದ ಯಾವ ಬದಲಾವಣೆ ಮಾಡಿಯೂ ಪ್ರಯೋಜನವಿಲ್ಲ.

ಕನ್ನಡಿಯ ಮೇಲೆ ಏನಾದರೂ ಅಂಟಿಸಿದರೆ ಚಿತ್ರ ಹಾಳಾಗುವುದಿಲ್ಲವೇ?

ಇಲ್ಲ. ದೊಡ್ಡ ಕನ್ನಡಿಯ ನಡುಭಾಗ ಯಾವಾಗಲೂ ಚಿಕ್ಕ ಕನ್ನಡಿಯ ನೆರಳಿನಲ್ಲೇ ಇರುತ್ತದೆ. ಅಲ್ಲಿಗೆ ನಕ್ಷತ್ರದ ಬೆಳಕು ಬೀಳುವುದೇ ಇಲ್ಲ.

ಕಡತಕ್ಕೆ ಹಾಕುವ ಹಾಳೆಯ ತೂತು ಹರಿಯದಿರಲಿ ಅಂತ ಅಂಟಿಸುವ ಉಂಗುರದಂಥ ಸ್ಟಿಕ್ಕರ್ ಇದೆಯಲ್ಲ, ಅದೇ ಸಾಕು. ನಡು ಬಿಂದು ಹುಡುಕಲು ಅಳತೆಪಟ್ಟಿಯನ್ನು ಕನ್ನಡಿಯ ಮೇಲೆ ಇಡಬೇಡಿ. ಕನ್ನಡಿಯಷ್ಟೇ ವ್ಯಾಸದ ವೃತ್ತವನ್ನು ತೆಳು ಕಾಗದದಲ್ಲಿ ಕತ್ತರಿಸಿ. ನಾಲ್ಕಾಗಿ ಮಡಚಿ. ಮೂಲೆಯ ತುದಿಯನ್ನು ಚೂರೇ ಚೂರು ಕತ್ತರಿಸಿ ಬಿಡಿಸಿದರೆ ಸರಿಯಾಗಿ ನಡುವೆ ತೂತು. ಕಾಗದವನ್ನು ಕನ್ನಡಿಯ ಮೇಲೆ ಅಂಚಿಗೆ ಅಂಚು ಸೇರಿಸಿ ಹಗುರವಾಗಿ ಇಟ್ಟು, ತೂತಿನಲ್ಲಿ ಮಾರ್ಕರಿನಿಂದ ಚುಕ್ಕಿ ಇಡಿ. ಕಾಗದ ತೆಗೆದು ಚುಕ್ಕಿಯ ಸುತ್ತ ಉಂಗುರ ಅಂಟಿಸಿ. ಕಾಗದವನ್ನು ಎಳೆದಾಡಬೇಡಿ, ಲೇಪನದ ಮೇಲೆ ಗೀರು ಬೀಳುತ್ತದೆ.

ಕಾರ್ಖಾನೆಯಿಂದಲೇ ಉಂಗುರ ಬಂದಿದ್ದರೂ ಕಾಗದ ಇಟ್ಟು ಒಮ್ಮೆ ಪರೀಕ್ಷಿಸಿ. ಅದು ಎರಡು ಮಿಲಿಮೀಟರ್ ಪಕ್ಕಕ್ಕಿದ್ದರೂ ನೀವು ಪ್ರತಿ ಸಲ ತಪ್ಪು ಜಾಗಕ್ಕೇ ಶ್ರದ್ಧೆಯಿಂದ ಹೊಂದಿಸುತ್ತಿರುತ್ತೀರಿ.

ರಾತ್ರಿ ಶುರುವಿನಲ್ಲಿ ಸರಿಯಾಗಿ ಹೊಂದಿಸುತ್ತೇನೆ. ಅರ್ಧ ಗಂಟೆಯಲ್ಲಿ ಮತ್ತೆ ತಪ್ಪಿರುತ್ತದೆ. ಯಾಕೆ?

ಹೆಚ್ಚಿನ ಸಲ ಸ್ಪ್ರಿಂಗ್ ಕಾರಣ. ನನ್ನ ಪ್ರಕಾರ ಇಡೀ ಟೆಲಿಸ್ಕೋಪಿನಲ್ಲಿ ಅತಿ ಕಡಿಮೆ ಖರ್ಚಿಗೆ ಅತಿ ಜಾಸ್ತಿ ಫಲ ಕೊಡುವ ಬದಲಾವಣೆ ಇದೇ.

ದೊಡ್ಡ ಕನ್ನಡಿ ಒಂದು ಚೌಕಟ್ಟಿನಲ್ಲಿ ಕೂತಿರುತ್ತದೆ. ಅದರ ಹಿಂದೆ ಕೊಳವೆಗೆ ಬಿಗಿದ ಇನ್ನೊಂದು ತಟ್ಟೆ. ಮೂರು ಸ್ಕ್ರೂಗಳು ಚೌಕಟ್ಟನ್ನು ತಟ್ಟೆಯ ಕಡೆಗೆ ಎಳೆಯುತ್ತವೆ. ನಡುವಿನ ಮೂರು ಸ್ಪ್ರಿಂಗ್‌ಗಳು ದೂರ ತಳ್ಳುತ್ತವೆ. ಈ ಎಳೆದಾಟದಲ್ಲಿ ಕನ್ನಡಿ ನಿಂತಿರುತ್ತದೆ. 200 ಮಿ.ಮೀ. ಕನ್ನಡಿಯ ತೂಕವೇ ಸುಮಾರು 2 ಕೆ.ಜಿ. ಕೊಳವೆ ಮೇಲ್ಮುಖವಾದಾಗ ಆ ತೂಕವೆಲ್ಲ ಸ್ಪ್ರಿಂಗ್ ಮೇಲೆ ಬರುತ್ತದೆ. ಮೂರೂ ಸ್ಪ್ರಿಂಗ್ ಸೇರಿ ತಳ್ಳುವ ಬಲ ಈ ತೂಕಕ್ಕಿಂತ ಚೆನ್ನಾಗಿಯೇ ಜಾಸ್ತಿ ಇರಬೇಕು. ಇಲ್ಲದಿದ್ದರೆ ಕ್ಷಿತಿಜದ ಹತ್ತಿರ ಹೊಂದಿಸಿದ್ದು ನೆತ್ತಿಯ ಮೇಲೆ ನೋಡುವಾಗ ಉಳಿಯುವುದಿಲ್ಲ.

ಹೊಸ ಸ್ಪ್ರಿಂಗ್ ಆರಿಸುವಾಗ ಹಳೆಯದನ್ನು ಅಳೆಯಿರಿ. ಒಳ ವ್ಯಾಸ ಸ್ಕ್ರೂ ತೂರುವಷ್ಟಿರಬೇಕು, ಹೊರ ವ್ಯಾಸ ಅದರ ಗುಳಿಯಲ್ಲಿ ಕೂರುವಷ್ಟಿರಬೇಕು, ಉದ್ದ ಹಳೆಯದರಷ್ಟು ಅಥವಾ ಚೂರು ಜಾಸ್ತಿ. ತಂತಿ ಮಾತ್ರ ದಪ್ಪ ಇರಲಿ. ಸ್ಪ್ರಿಂಗಿನ ಗಟ್ಟಿತನ ತಂತಿಯ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ. ಸುತ್ತುಗಳು ಅಷ್ಟೇ ಇದ್ದು ತಂತಿ 1.2ರಿಂದ 1.6 ಮಿ.ಮೀ.ಗೆ ಹೋದರೆ ಸ್ಪ್ರಿಂಗ್ ಮೂರು ಪಟ್ಟು ಗಟ್ಟಿ. ಹಾಗಾಗಿ ಸ್ವಲ್ಪವೇ ದಪ್ಪ ಸಾಕು. ತೀರಾ ದಪ್ಪದ್ದು ಹಾಕಿದರೆ ಒತ್ತಿದಾಗ ಸುತ್ತುಗಳು ಒಂದಕ್ಕೊಂದು ತಗುಲಿ ಸ್ಪ್ರಿಂಗ್ ಕೊಳವೆಯ ತುಂಡಿನಂತೆ ಆಗಿಬಿಡುತ್ತದೆ. ಆಗ ಹೊಂದಿಸಲು ಜಾಗವೇ ಇಲ್ಲ. ಸ್ಪ್ರಿಂಗಿನ ಎರಡೂ ತುದಿಗೆ ಒಂದೊಂದು ಸ್ಟೀಲ್ ವಾಷರ್ ಇಟ್ಟರೆ ತಿರುಗಿಸುವುದು ಇನ್ನೂ ನಯವಾಗುತ್ತದೆ.

ಇನ್ನೊಂದು ವಿಷಯ. ಉದ್ದದ ಸ್ಪ್ರಿಂಗಿನಿಂದ ಕನ್ನಡಿ 5 ಮಿ.ಮೀ. ಮುಂದೆ ಬಂದರೆ ಚಿತ್ರ ಮೂಡುವ ಜಾಗವೂ ಫೋಕಸರಿನಿಂದ, ಅಂದರೆ ಐಪೀಸ್ ಕೂರುವ, ಒಳಗೆ ಹೊರಗೆ ಸರಿಯುವ ಕೊಳವೆಯಿಂದ, 5 ಮಿ.ಮೀ. ಹೊರಗೆ ಬರುತ್ತದೆ. ಕ್ಯಾಮೆರಾ ಹಾಕುವವರಿಗೆ ಇದು ಅನುಕೂಲ. ಆದರೆ ಫೋಕಸರ್ ಅಷ್ಟು ಹೊರಗೆ ಬರುತ್ತದೆಯೇ ಅಂತ ಮೊದಲೇ ನೋಡಿಕೊಳ್ಳಿ.

ಲಾಕ್ ಸ್ಕ್ರೂ ಬಿಗಿ ಮಾಡಿದಾಗಲೆಲ್ಲ ಹೊಂದಾಣಿಕೆ ತಪ್ಪುತ್ತದೆ. ಅವನ್ನು ತೆಗೆದುಬಿಡಲೇ?

ಗಟ್ಟಿ ಸ್ಪ್ರಿಂಗ್ ಹಾಕಿದ್ದರೆ ತೆಗೆಯಿರಿ. ಹೊಂದಿಸಿದ ಮೇಲೆ ಕನ್ನಡಿ ಅಲುಗದಂತೆ ಹಿಡಿಯುವ ಈ ಲಾಕ್ ಸ್ಕ್ರೂ ಇರುವುದೇ ಸ್ಪ್ರಿಂಗ್ ಸಡಿಲ ಅಂತ. ಅವು ಒಂದು ಕಡೆಯಿಂದ ತಳ್ಳುವುದರಿಂದ ಬಿಗಿ ಮಾಡುವಾಗ ಕನ್ನಡಿ ಅಲುಗಿಯೇ ಅಲುಗುತ್ತದೆ. ಗಾಡಿಯಲ್ಲಿ ದೂರ ಸಾಗಿಸುವವರು ಬೇಕಿದ್ದರೆ ಸಾಗಿಸುವಾಗ ಮಾತ್ರ ಮೆಲ್ಲಗೆ ತಾಗಿಸಿಟ್ಟುಕೊಳ್ಳಲಿ.

ಹಿಂದಿನ ಸ್ಕ್ರೂಗಳಿಗೆ ಎಂಥ ಹಿಡಿ ಹಾಕಬೇಕು?

ದೊಡ್ಡದು. ಅಷ್ಟೇ. 8 ಮಿ.ಮೀ. ತಲೆಯ ಸ್ಕ್ರೂವನ್ನು ಹತ್ತನೇ ಒಂದು ಸುತ್ತು ತಿರುಗಿಸಲು ಬೆರಳು ಎರಡೂವರೆ ಮಿಲಿಮೀಟರ್ ಸರಿಯಬೇಕು. 40 ಮಿ.ಮೀ. ಹಿಡಿಯಾದರೆ 12 ಮಿಲಿಮೀಟರಿಗೂ ಜಾಸ್ತಿ. ಯಾವುದರಲ್ಲಿ ಅಂದಾಜು ಸುಲಭ ಅಂತ ನೀವೇ ಹೇಳಿ. ಪ್ಲಾಸ್ಟಿಕ್ ನಾಬ್ ಇರುವ ಸಿದ್ಧ ಬೋಲ್ಟ್ ಸಿಗುತ್ತವೆ. ಥ್ರೆಡ್ ಹಳೆಯ ಸ್ಕ್ರೂವಿನದೇ ಇರಬೇಕು. ಹಳೆಯ ಸ್ಕ್ರೂಗೆ ಸರಾಗವಾಗಿ ಕೂರುವ ನಟ್ ಒಂದನ್ನು ಹುಡುಕಿ, ಅದೇ ನಟ್ ಹೊಸದಕ್ಕೂ ಕೂರುತ್ತದೆಯೇ ನೋಡಿ. ಬಲವಂತ ಮಾಡಿದರೆ ಅಲ್ಯೂಮಿನಿಯಂ ತಟ್ಟೆಯ ಥ್ರೆಡ್ ಸವೆದು ಹೋಗುತ್ತದೆ.

ಮೂರು ಹಿಡಿಗಳಿಗೂ ಬೇರೆ ಬೇರೆ ಬಣ್ಣ ಬಳಿಯಿರಿ ಅಥವಾ 1, 2, 3 ಅಂತ ಬರೆಯಿರಿ. ಸುಮ್ನೆ ಅಂದ ಚೆಂದಕ್ಕೆ ಅಲ್ಲ. ಯಾವುದನ್ನು ತಿರುಗಿಸಿದರೆ ಚುಕ್ಕಿ ಎತ್ತ ಓಡುತ್ತದೆ ಅನ್ನುವುದು ಒಂದು ವಾರದಲ್ಲಿ ಕೈಗೆ ಕೂರುತ್ತದೆ.

ಚಿಕ್ಕ ಕನ್ನಡಿಯ ಸ್ಕ್ರೂ ಮುಟ್ಟಿದರೆ ಸಾಕು, ಎಲ್ಲೆಲ್ಲೋ ಹಾರುತ್ತದೆ. ಇದಕ್ಕೆ ಪರಿಹಾರ ಇದೆಯೇ?

ಇದೆ. ಎರಡು ವಾಷರ್‌ಗಳಲ್ಲಿ ಮುಗಿಯುವ ಪರಿಹಾರ.

ಮೊದಲು ಕಾರಣ ನೋಡೋಣ. ಚಿಕ್ಕ ಕನ್ನಡಿಯ ಹಿಡಿಕೆಗೆ ನಡುವೆ ಒಂದು ಬೋಲ್ಟ್, ಸುತ್ತ ಮೂರು ಪುಟ್ಟ ಅಲೆನ್ ಸ್ಕ್ರೂ. ಅವು ನಡುವಿನಿಂದ 15 ಮಿ.ಮೀ. ಆಸುಪಾಸಿನಲ್ಲೇ ಇರುತ್ತವೆ. ಎಂ4 ಸ್ಕ್ರೂ ಆದರೆ ಒಂದು ಸುತ್ತಿಗೆ 0.7 ಮಿ.ಮೀ. ಇಷ್ಟು ಇಕ್ಕಟ್ಟಿನಲ್ಲಿ ಅಷ್ಟು ಸರಿದರೆ, ಹೊಂದಿಸಲು ಐಪೀಸ್ ಜಾಗದಲ್ಲಿ ಹಾಕುವ ಲೇಸರಿನ ಚುಕ್ಕಿ ಒಂದು ಮೀಟರ್ ದೂರದ ದೊಡ್ಡ ಕನ್ನಡಿಯ ಮೇಲೆ 5 ಸೆಂ.ಮೀ. ಆಸುಪಾಸು ಓಡುತ್ತದೆ. ಬೇಕಾಗಿರುವುದು ಒಂದೆರಡು ಮಿಲಿಮೀಟರ್ ಮಾತ್ರ.

ಇಷ್ಟಾದರೆ ಸಹಿಸಬಹುದಿತ್ತು. ಆದರೆ ಸ್ಕ್ರೂಗಳ ತುದಿ ಒತ್ತುವುದು ಮೆದು ಲೋಹ ಅಥವಾ ಪ್ಲಾಸ್ಟಿಕ್ಕಿನ ಮೇಲೆ. ಕಾಲ ಕಳೆದಂತೆ ಅಲ್ಲಿ ಗುಳಿ ಬೀಳುತ್ತದೆ. ನೀವು ಚೂರು ತಿರುಗಿಸಿದರೆ ಸ್ಕ್ರೂ ಮತ್ತೆ ಹಳೆಯ ಗುಳಿಗೇ ಜಾರುತ್ತದೆ. ಮೇಲೆ ಹೋಗು ಅಂದರೆ ಪಕ್ಕಕ್ಕೆ ಹೋಗುತ್ತದೆ. ನಿಮ್ಮ ಕೈಯಲ್ಲಿ ದೋಷವಿಲ್ಲ.

ಅಗಲವಾದ ತೆಳು ಸ್ಟೀಲ್ ವಾಷರ್ ಒಂದನ್ನು ನಡು ಬೋಲ್ಟಿಗೆ ತೂರಿಸಿ. ಮೂರೂ ಸ್ಕ್ರೂಗಳ ತುದಿ ಅದರ ಮೇಲೆ ಕೂರಬೇಕು, ಅಷ್ಟು ಅಗಲ ಇರಲಿ. ಸ್ಟೀಲಿನ ಕೆಳಗೆ, ಹಿಡಿಕೆಯ ಮೇಲೆ, ಪ್ಲಾಸ್ಟಿಕ್ ಡಬ್ಬದ ಮೆದು ಹಾಳೆಯಿಂದ ಕತ್ತರಿಸಿದ ಒಂದೆರಡು ಬಿಲ್ಲೆ ಹಾಕಿ. ಸ್ಟೀಲಿನಲ್ಲಿ ಗುಳಿ ಬೀಳುವುದಿಲ್ಲ. ಪ್ಲಾಸ್ಟಿಕ್ ಇರುವುದರಿಂದ ಹಿಡಿಕೆ ನಯವಾಗಿ ಜರುಗುತ್ತದೆ. ಸ್ಕ್ರೂಗಳ ತುದಿ ಚೂಪಾಗಿದ್ದರೆ ಅರದಿಂದ ಉಜ್ಜಿ ದುಂಡು ಮಾಡಿ. ವಾಷರ್‌ಗಳ ದಪ್ಪದಷ್ಟು ಚಿಕ್ಕ ಕನ್ನಡಿ ಕೆಳಗೆ ಇಳಿದಿರುತ್ತದೆ. ಅದು ಫೋಕಸರಿನ ಎದುರು ನಡುವೆ ಇದೆಯೇ ಅಂತ ಮತ್ತೆ ನೋಡಿ, ನಡು ಬೋಲ್ಟಿನಿಂದ ಸರಿಪಡಿಸಿಕೊಳ್ಳಿ.

ಈ ಕೆಲಸ ಮಾಡುವಾಗ ಕೊಳವೆ ಮಲಗಿರಲೇಬೇಕು, ಫೋಕಸರ್ ಪಕ್ಕಕ್ಕಿರಬೇಕು. ನಿಲ್ಲಿಸಿದ ಕೊಳವೆಯಲ್ಲಿ ನನ್ನ ಅಲೆನ್ ಕೀ ಒಮ್ಮೆ ಜಾರಿ ದೊಡ್ಡ ಕನ್ನಡಿಯ ಅಂಚಿಗೆ ಬಿತ್ತು. ಸಣ್ಣ ಚಕ್ಕೆ ಎದ್ದಿದೆ. ಆ ಸದ್ದು ಇವತ್ತಿಗೂ ನೆನಪಿದೆ.

ಆ ಅಲೆನ್ ಸ್ಕ್ರೂಗಳ ಬದಲು ಕೈಯಲ್ಲೇ ತಿರುಗಿಸುವ ಸ್ಕ್ರೂ ಹಾಕಬಹುದೇ?

ಖಂಡಿತ ಹಾಕಿ. ಅಲೆನ್ ಕೀಯೇ ಬೇಡವಾದ ಮೇಲೆ ಅದು ಬೀಳುವ ಭಯವೂ ಇಲ್ಲ. ಬಾಬ್ಸ್ ನಾಬ್ಸ್ ಹೆಸರಿನಲ್ಲಿ ಬೇರೆ ಬೇರೆ ಟೆಲಿಸ್ಕೋಪಿಗೆ ಹೊಂದುವ ಸಿದ್ಧ ಸ್ಕ್ರೂ ಬರುತ್ತವೆ. ಅದೇ ಥ್ರೆಡ್ಡಿನ, ಬೆರಳಿಗೆ ಹಿಡಿತ ಸಿಗುವಂತೆ ತಲೆಯ ಅಂಚಿನಲ್ಲಿ ಗೀರುಗಳಿರುವ ಸಾದಾ ಸ್ಕ್ರೂ ಸಿಕ್ಕರೂ ಸಾಕು.

ಎರಡು ಎಚ್ಚರಿಕೆ. ತಲೆಗಳು ಚಿಕ್ಕ ಕನ್ನಡಿಯ ನೆರಳಿನಿಂದ ಹೊರಗೆ ಚಾಚಬಾರದು, ಚಾಚಿದರೆ ನಕ್ಷತ್ರದ ಸುತ್ತ ಬೇಡದ ಬೆಳಕು ಚೆದುರುತ್ತದೆ. ಮತ್ತೆ, ಕೈಯಲ್ಲಿ ಎಷ್ಟು ಬಿಗಿಯಾಗುತ್ತದೋ ಅಷ್ಟೇ ಬಿಗಿ ಸಾಕು. ಇಕ್ಕಳ ಹಚ್ಚಬೇಡಿ.

ಕೊಳವೆ ಉದ್ದ ಇದೆ. ಐಪೀಸ್ ಜಾಗದಲ್ಲಿ ಕಣ್ಣಿಟ್ಟರೆ ಹಿಂದಿನ ಸ್ಕ್ರೂಗೆ ಕೈ ಎಟುಕುವುದಿಲ್ಲ. ಒಬ್ಬನೇ ಹೇಗೆ ಮಾಡಲಿ?

ಕೈ ಎಟುಕುವುದಿಲ್ಲ ಅಂದರೆ ಕಣ್ಣನ್ನು ಹಿಂದಕ್ಕೆ ಒಯ್ಯಿರಿ. ನಡುವೆ ಸಣ್ಣ ತೂತು ಇರುವ ಮುಚ್ಚಳವನ್ನು ಫೋಕಸರಿಗೆ ಹಾಕಿ, ಆ ತೂತಿಗೆ ಪುಟ್ಟ ಯುಎಸ್‌ಬಿ ಕ್ಯಾಮೆರಾ ಹೊಂದಿಸಿ. ಮೊಬೈಲ್ ಪರದೆ ನೋಡುತ್ತಾ ಕೊಳವೆಯ ಹಿಂದೆ ಕೂತು ನಾಬ್ ತಿರುಗಿಸಬಹುದು. ಕ್ಯಾಮೆರಾ ತೂತಿನ ನೇರ ನಡುವೆ ಇರಬೇಕು, ಅದು ಓರೆಯಾದರೆ ಎಲ್ಲವೂ ಓರೆ.

ಇನ್ನೊಂದು ದಾರಿ ಲೇಸರ್. ಕನ್ನಡಿಗಳಿಂದ ವಾಪಸ್ ಬಂದ ಚುಕ್ಕಿ ಬೀಳುವ ಅದರ ಓರೆ ಪರದೆಯನ್ನು ಹಿಂದಕ್ಕೆ ತಿರುಗಿಸಿಟ್ಟರೆ ಸ್ಕ್ರೂ ಹತ್ತಿರ ಕೂತೇ ಚುಕ್ಕಿ ಕಾಣುತ್ತದೆ. ಇದು ನನಗೆ ಜಾಸ್ತಿ ಇಷ್ಟ.

ಹಾಗಾದರೆ ಒಳ್ಳೆಯ ಲೇಸರ್ ತಗೊಂಡರೆ ಈ ರಿಪೇರಿ ಎಲ್ಲ ಬೇಡ ಅಲ್ವಾ?

ಬೇಕು. ಲೇಸರ್ ತಪ್ಪನ್ನು ತೋರಿಸುತ್ತದೆ, ಸ್ಕ್ರೂವನ್ನು ನಯ ಮಾಡುವುದಿಲ್ಲ. ಅದೂ ಅಲ್ಲದೆ ಲೇಸರೇ ಓರೆಯಾಗಿರಬಹುದು. ಹಲಗೆಗೆ ನಾಲ್ಕು ಮೊಳೆ ಹೊಡೆದು ಅವುಗಳ ನಡುವೆ ಲೇಸರ್ ಮಲಗಿಸಿ, ಐದು ಮೀಟರ್ ದೂರದ ಗೋಡೆಗೆ ಬಿಡಿ. ಮೆಲ್ಲಗೆ ಉರುಳಿಸಿ. ಚುಕ್ಕಿ ಒಂದೇ ಕಡೆ ನಿಂತರೆ ಸರಿ. ವೃತ್ತ ಬರೆದರೆ ಲೇಸರಿನ ಪಕ್ಕದಲ್ಲಿರುವ ಪುಟ್ಟ ಸ್ಕ್ರೂಗಳಿಂದ ಅದನ್ನೇ ಮೊದಲು ನೇರ ಮಾಡಬೇಕು.

ದೊಡ್ಡ ಕನ್ನಡಿಗೆ ಇನ್ನೂ ನಂಬಿಕಸ್ಥ ವಿಧಾನ ಬಾರ್ಲೋ ಹಾಕಿದ ಲೇಸರ್. ಬಾರ್ಲೋ ಅಂದರೆ ಚಿತ್ರ ಇನ್ನೂ ದೊಡ್ಡದಾಗಿ ಕಾಣಲು ಐಪೀಸಿನ ಮುಂದೆ ಹಾಕುವ ಲೆನ್ಸ್. ನೀಲ್ಸ್ ಓಲೋಫ್ ಕಾರ್ಲಿನ್ 2003ರಲ್ಲಿ ಸ್ಕೈ ಅಂಡ್ ಟೆಲಿಸ್ಕೋಪ್ ಪತ್ರಿಕೆಯಲ್ಲಿ ಇದನ್ನು ವಿವರಿಸಿದರು. ಲೇಸರಿನ ಮುಂದೆ ಬಾರ್ಲೋ ಲೆನ್ಸ್ ಇಟ್ಟರೆ ಕಿರಣ ಹರಡಿಕೊಂಡು ಕನ್ನಡಿಯ ನಡು ಉಂಗುರದ ಮೇಲೆ ಬೀಳುತ್ತದೆ. ಉಂಗುರದ ನೆರಳು ವಾಪಸ್ ಬರುತ್ತದೆ. ಬಾರ್ಲೋ ಮುಂದೆ ನಡುವೆ ತೂತಿರುವ ಬಿಳಿ ಕಾಗದ ಅಂಟಿಸಿದ್ದರೆ ನೆರಳು ಅದರ ಮೇಲೆ ಕಾಣುತ್ತದೆ. ನೆರಳನ್ನು ತೂತಿನ ನಡುವಿಗೆ ತಂದರೆ ಮುಗಿಯಿತು. ಲೇಸರ್ ಚೂರು ಓರೆಯಿದ್ದರೂ ಉತ್ತರ ಬದಲಾಗುವುದಿಲ್ಲ. ಇದಕ್ಕಿಂತ ಜಾಣ ಉಪಾಯ ಈ ಹವ್ಯಾಸದಲ್ಲಿ ನಾನು ಕಂಡಿಲ್ಲ. ಕಿರಣ ಕಣ್ಣಿಗೆ ಬೀಳದಂತೆ ಮಾತ್ರ ನೋಡಿಕೊಳ್ಳಿ, ಕನ್ನಡಿಯಿಂದ ಬಂದದ್ದೂ ಅಷ್ಟೇ ಅಪಾಯ.

ಫೋಕಸರಿನಲ್ಲಿ ಲೇಸರ್ ಬಿಗಿ ಮಾಡಿದಾಗ ಚುಕ್ಕಿ ಸರಿಯುತ್ತದೆ. ಯಾಕೆ?

ಒಂದೇ ಸ್ಕ್ರೂ ಪಕ್ಕದಿಂದ ತಳ್ಳುವುದರಿಂದ ಲೇಸರ್ ವಾಲುತ್ತದೆ. ಸುತ್ತಲಿಂದ ಸಮವಾಗಿ ಹಿಡಿಯುವ ಹಿತ್ತಾಳೆ ಉಂಗುರದ ಅಡಾಪ್ಟರ್ ಹಾಕಿ. ಸದ್ಯಕ್ಕೆ ಅದಿಲ್ಲದಿದ್ದರೆ ಲೇಸರಿನ ಮೈಗೆ ತೆಳು ಟೇಪ್ ಒಂದು ಸುತ್ತು ಸುತ್ತಿ ಅಲುಗಾಟ ಕಡಿಮೆ ಮಾಡಿಕೊಳ್ಳಿ.

ಎಲ್ಲ ಹೊಂದಿಸಿದೆ. ಆದರೂ ಚಿಕ್ಕ ಕನ್ನಡಿಯ ನೆರಳು ಸರಿಯಾಗಿ ನಡುವೆ ಇಲ್ಲ. ತಪ್ಪಾಗಿದೆಯೇ?

ತಪ್ಪಿಲ್ಲ. ಎಫ್ ಸಂಖ್ಯೆ ಕಡಿಮೆ ಇರುವ ಟೆಲಿಸ್ಕೋಪಿನಲ್ಲಿ ನೆರಳು ದೊಡ್ಡ ಕನ್ನಡಿಯ ಕಡೆಗೆ ಸರಿದಂತೆ ಕಾಣಲೇಬೇಕು. ಬೆಳಕಿನ ಶಂಕು ಓರೆ ಕನ್ನಡಿಯನ್ನು ಮುಟ್ಟುವಾಗ ಅದರ ನಡು ಬಿಂದು ಚೂರು ಆಚೆ ಬೀಳುತ್ತದೆ. ಎಷ್ಟು ಅಂದರೆ, ಚಿಕ್ಕ ಕನ್ನಡಿಯ ಅಗಲವನ್ನು ಎಫ್ ಸಂಖ್ಯೆಯ ನಾಲ್ಕರಷ್ಟರಿಂದ ಭಾಗಿಸಿ. 50 ಮಿ.ಮೀ. ಅಗಲ, ಎಫ್/5 ಆದರೆ 2.5 ಮಿ.ಮೀ. ದೊಡ್ಡ ಕನ್ನಡಿಯ ನಡು ಉಂಗುರ ಮತ್ತು ಫೋಕಸರ್ ಮುಚ್ಚಳದ ತೂತಿನ ಪ್ರತಿಬಿಂಬ ಒಂದಕ್ಕೊಂದು ಸೇರಿದ್ದರೆ ನೆರಳನ್ನು ಅದರ ಪಾಡಿಗೆ ಬಿಡಿ.

ನನ್ನ ಚಿಕ್ಕ ಟೆಲಿಸ್ಕೋಪಿನ ಹಿಂದೆ ಸ್ಕ್ರೂಗಳೇ ಇಲ್ಲ. ಏನು ಮಾಡಲಿ?

ಮೊದಲು ಕನ್ನಡಿ ನಿಜಕ್ಕೂ ಓರೆಯಾಗಿದೆಯೇ ನೋಡಿ. ಎಫ್/8 ಟೆಲಿಸ್ಕೋಪಿನಲ್ಲಿ ಚೆನ್ನಾಗಿ ಕೂತಿದ್ದರೆ ಮುಟ್ಟಬೇಡಿ. ಓರೆಯಿದ್ದರೆ, ಹಿಂದಿನ ತಟ್ಟೆಯಲ್ಲಿ 120 ಡಿಗ್ರಿ ಅಂತರಕ್ಕೆ ಮೂರು ತೂತು ಕೊರೆದು, ಕನ್ನಡಿಗೆ ಪ್ಲೈವುಡ್ ಬಿಲ್ಲೆಯೊಂದನ್ನು ಬೆನ್ನಿಗೆ ಕೊಟ್ಟು, ಬೋಲ್ಟ್, ಸ್ಪ್ರಿಂಗ್, ರೆಕ್ಕೆ ನಟ್ ಹಾಕಿಕೊಳ್ಳಬಹುದು. ಕೊರೆಯುವ ಮೊದಲು ಕನ್ನಡಿಯನ್ನು ಬೇರೆ ಕೋಣೆಯಲ್ಲಿಡಿ. ಲೋಹದ ಪುಡಿ ಲೇಪನಕ್ಕೆ ಶತ್ರು.

ಷ್ಮಿಟ್-ಕ್ಯಾಸೆಗ್ರೇನ್ ಟೆಲಿಸ್ಕೋಪಿಗೂ ಇದೆಲ್ಲ ಅನ್ವಯಿಸುತ್ತದೆಯೇ?

ಇದು ಮುಂದೆ ಗಾಜಿನ ತಟ್ಟೆ ಇದ್ದು, ಹಿಂದಿನಿಂದ ನೋಡುವ ಗಿಡ್ಡ ಕೊಳವೆಯ ಮಾದರಿ. ಅದರಲ್ಲಿ ಮುಂದಿನ ಚಿಕ್ಕ ಕನ್ನಡಿಯ ಮೂರು ಸ್ಕ್ರೂ ಮಾತ್ರ. ಅವನ್ನು ಕೈಸ್ಕ್ರೂ ಮಾಡಿಕೊಂಡರೆ ತುಂಬಾ ಅನುಕೂಲ. ಆದರೆ ಒಂದೊಂದಾಗಿ ಬದಲಾಯಿಸಿ: ಒಂದು ತೆಗೆದು ಹೊಸದು ಹಾಕಿದ ಮೇಲೆಯೇ ಮುಂದಿನದು. ಮೂರನ್ನೂ ಒಟ್ಟಿಗೆ ತೆಗೆದರೆ ಕನ್ನಡಿ ಕಳಚಿ ಒಳಗೆ ಬೀಳಬಹುದು. ಹೊಂದಿಸುವುದನ್ನು ನಕ್ಷತ್ರ ನೋಡಿಯೇ ಮಾಡಿ, ಒಂದು ಸಲಕ್ಕೆ ಎಂಟನೇ ಒಂದು ಸುತ್ತಿಗಿಂತ ಜಾಸ್ತಿ ಬೇಡ.

ಬದಲಾವಣೆಗಳು ಕೆಲಸ ಮಾಡಿವೆ ಅಂತ ಹೇಗೆ ಗೊತ್ತಾಗುತ್ತದೆ?

ಕೊಳವೆಯನ್ನು ಮಲಗಿಸಿ ಬಾರ್ಲೋ ಲೇಸರಿನಿಂದ ಹೊಂದಿಸಿ. ಲೇಸರ್ ತೆಗೆಯದೆ ಕೊಳವೆಯನ್ನು ಮೆಲ್ಲಗೆ ನೆತ್ತಿಯ ಕಡೆಗೆ ಎತ್ತಿ. ಉಂಗುರದ ನೆರಳು ಇದ್ದಲ್ಲೇ ಇದ್ದರೆ ಸ್ಪ್ರಿಂಗ್ ಗೆದ್ದಿತು. ಒಂದು ಮಿಲಿಮೀಟರ್ ಒಳಗೆ ಅಲುಗಿದರೂ ಚಿಂತೆಯಿಲ್ಲ. ಅದಕ್ಕಿಂತ ಜಾಸ್ತಿ ಓಡಿದರೆ ಕನ್ನಡಿ ಚೌಕಟ್ಟಿನೊಳಗೇ ಜಾರುತ್ತಿರಬಹುದು, ಅಂಚಿನ ಕ್ಲಿಪ್ ನೋಡಿ. ಆದರೆ ಕ್ಲಿಪ್ ಅದುಮಿ ಬಿಗಿಯಬೇಡಿ. ಕ್ಲಿಪ್ ಮತ್ತು ಕನ್ನಡಿಯ ನಡುವೆ ಕಾಗದದ ಹಾಳೆ ಸರಿದಾಡುವಷ್ಟು ಜಾಗ ಇರಬೇಕು.

ಕೊನೆಯ ಪರೀಕ್ಷೆ ಆಕಾಶದಲ್ಲಿ. ಟೆಲಿಸ್ಕೋಪನ್ನು ಒಂದು ಗಂಟೆ ಹೊರಗಿಟ್ಟು ತಣಿಯಲು ಬಿಡಿ. ಧ್ರುವ ನಕ್ಷತ್ರ ಕಾಣುವವರು ಅದನ್ನೇ ಆರಿಸಿಕೊಳ್ಳಿ, ಅದು ಓಡುವುದಿಲ್ಲ. 200 ಪಟ್ಟು ದೊಡ್ಡದು ಮಾಡಿ, ನಕ್ಷತ್ರವನ್ನು ನಡುವೆ ಇಟ್ಟು ಫೋಕಸನ್ನು ಚೂರೇ ಚೂರು ತಪ್ಪಿಸಿ. ಉಂಗುರದೊಳಗೆ ಉಂಗುರ ಒಂದೇ ನಡುವಿನಲ್ಲಿ ಕಂಡರೆ ಕನ್ನಡಿ ಸರಿಯಾಗಿ ಕೂತಿದೆ. ಒಂದು ಕಡೆಗೆ ಒತ್ತಿಕೊಂಡಿದ್ದರೆ ನಾಬ್ ಸಂಖ್ಯೆ 1 ಹಿಡಿದು ಚೂರು ತಿರುಗಿಸಿ, ನಕ್ಷತ್ರವನ್ನು ಮತ್ತೆ ನಡುವಿಗೆ ತಂದು ನೋಡಿ. ಉಂಗುರಗಳು ಮುಮ್ಮೂಲೆಯಾಗಿ ಕಂಡರೆ ಹೊಂದಾಣಿಕೆಯ ತಪ್ಪಲ್ಲ, ಮೂರು ಕ್ಲಿಪ್ಪುಗಳು ಕನ್ನಡಿಯನ್ನು ಹಿಂಡುತ್ತಿವೆ. ಬೆಳಗ್ಗೆ ಅವನ್ನು ಅರ್ಧ ಸುತ್ತು ಸಡಿಲ ಮಾಡಿ, ರಾತ್ರಿ ಮತ್ತೆ ಅದೇ ನಕ್ಷತ್ರ ನೋಡಿ.